ಬೇಲಿ ಬಾಗುವ ಲೆಕ್ಕ

ಕ್ರೈಸ್ಟ್‌ಚರ್ಚ್, ನ್ಯೂಜಿಲೆಂಡ್

ತೀರ್ಥರೂಪು ಅಪ್ಪಾಜಿಯವರ ಪಾದಗಳಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ಮೂಡಿಗೆರೆಯ ಕಡೆ ಈ ಸಲ ಕಾಫಿಗೆ ಹೂಮಳೆ ಸಕಾಲಕ್ಕೆ ಬಿತ್ತೆಂದು ಅಮ್ಮ ಹೇಳಿದ್ದು ಕೇಳಿ ಸಮಾಧಾನವಾಯಿತು. ನೆಲ ನಡುಗುವ ದೇಶಕ್ಕೆ ಹೋಗಿ ಅಳೆಯುವುದಾದರೂ ಏನನ್ನು ಎಂದು ನೀವು ಕೇಳಿದ್ದಿರಿ. ಅದು ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಇಲ್ಲಿನ ದಕ್ಷಿಣ ದ್ವೀಪದ ಉದ್ದಕ್ಕೂ ಆಲ್ಪೈನ್ ಫಾಲ್ಟ್ ಎಂಬ ಬಿರುಕು ಹಾದುಹೋಗಿದೆ. ಭೂಮಿಯ ಹೊರಚಿಪ್ಪಿನ ದೊಡ್ಡ ದೊಡ್ಡ ತುಂಡುಗಳಿಗೆ ಭೂಫಲಕ ಎನ್ನುತ್ತಾರೆ. ಬಿರುಕಿನ ಒಂದು ಮಗ್ಗುಲಿಗೆ ಪೆಸಿಫಿಕ್ ಭೂಫಲಕ, ಇನ್ನೊಂದು ಮಗ್ಗುಲಿಗೆ ಆಸ್ಟ್ರೇಲಿಯಾ ಭೂಫಲಕ. ಸಾವಿರಾರು ವರ್ಷಗಳ ಸರಾಸರಿ ತೆಗೆದರೆ ಇವು ಈ ಬಿರುಕಿನಗುಂಟ ವರ್ಷಕ್ಕೆ ಸುಮಾರು 27 ಮಿಲಿಮೀಟರ್, ಅಂದರೆ ಹನ್ನೊಂದು ವರ್ಷಕ್ಕೆ ಒಂದಡಿ, ಒಂದನ್ನೊಂದು ಉಜ್ಜಿಕೊಂಡು ಸರಿಯುತ್ತವೆ. ಆದರೆ ಬಿರುಕಿನ ಬಾಯಲ್ಲಿ ನಿಂತು ನೋಡಿದರೆ ಯಾವ ಚಲನೆಯೂ ಕಾಣುವುದಿಲ್ಲ.

ನಮ್ಮ ತೋಟದ ಬೇಲಿಯನ್ನೇ ಅದಕ್ಕೆ ಅಡ್ಡಲಾಗಿ, ಹತ್ತಾರು ಮೈಲಿ ನೇರವಾಗಿ ಹಾಕಿದ್ದೇವೆಂದುಕೊಳ್ಳಿ. ದೂರದ ಎರಡು ತುದಿಗಳು ವಿರುದ್ಧ ದಿಕ್ಕಿಗೆ ಸರಿಯುತ್ತವೆ. ನಡುವೆ ಬಂಡೆಗೆ ಬಂಡೆ ಕಚ್ಚಿಕೊಂಡಿರುವುದರಿಂದ ಅಲ್ಲಿನ ಕಂಬಗಳು ಜಾಗ ಬಿಡವು. ಹೀಗಾಗಿ ಬೇಲಿ ತುಂಡಾಗದೆ ಬಾಗುತ್ತಾ ಹೋಗುತ್ತದೆ. ಬಂಡೆಗಳ ಮೇಲೆ ನೆಟ್ಟ ಜಿಪಿಎಸ್ ಕಂಬಗಳಿಂದ ನಾವು ಅಳೆಯುವುದು ಈ ಬಾಗನ್ನೇ. ಕಚ್ಚು ಬಿಟ್ಟ ದಿನ ಬೇಲಿ ನಡುವೆ ತುಂಡಾಗಿ ಎರಡೂ ಭಾಗಗಳು ಒಮ್ಮೆಲೇ ನೆಟ್ಟಗಾಗುತ್ತವೆ, ಅದೇ ಭೂಕಂಪ. 1906ರ ಸ್ಯಾನ್‌ಫ್ರಾನ್ಸಿಸ್ಕೊ ಭೂಕಂಪದ ಹಿಂದಿನ ಮತ್ತು ಅನಂತರದ ಸರ್ವೆಗಳನ್ನು ಹೋಲಿಸಿ ಹ್ಯಾರಿ ರೀಡ್ ಎಂಬ ವಿಜ್ಞಾನಿ ಇದನ್ನು ವಿವರಿಸಿದರು. ಆಲ್ಪೈನ್ ಫಾಲ್ಟ್ ಕೊನೆಯದಾಗಿ ಜಾರಿದ್ದು 1717ರ ಸುಮಾರಿಗೆ; ಅಂದಿನಿಂದ ಕೂಡುತ್ತಾ ಬಂದ ಬಾಗು ಈಗ ಎಂಟು ಮೀಟರಿನಷ್ಟಾಗಿದೆ. ಸರಿಯುವ ನೆಲಕ್ಕಿಂತ ಸರಿಯಲಾಗದೆ ಕಚ್ಚಿಕೊಂಡ ನೆಲವೇ ಹೆಚ್ಚು ಅಪಾಯದ್ದೆಂದು ನನಗೆ ಮನವರಿಕೆಯಾದದ್ದು ಈ ಲೆಕ್ಕ ಕಲಿತ ಮೇಲೆಯೇ.

ಕಳೆದ ತಿಂಗಳು ಪಶ್ಚಿಮ ಕರಾವಳಿಯ ಗಾಂಟ್ ಕ್ರೀಕ್ ಎಂಬ ಹಳ್ಳದ ದಂಡೆಯಲ್ಲಿ ಆ ಬಿರುಕನ್ನು ಕೈಯಾರೆ ಮುಟ್ಟಿದೆ. ಹಳೆಯ ಬಂಡೆ ನುಚ್ಚುನೂರಾಗಿ, ಮಾಸಲು ಹಸಿರು ಬಣ್ಣಕ್ಕೆ ತಿರುಗಿ, ಹೊಳೆ ತಂದು ಹಾಕಿದ ಹೊಸ ಜಲ್ಲಿಯ ಮೇಲೆ ಏರಿ ಕುಳಿತಿದೆ. ಎರಡರ ನಡುವೆ ನುಣ್ಣನೆಯ ಜೇಡಿಮಣ್ಣಿನ ಪದರ. ಬೆರಳಿನಿಂದ ತೀಡಿದರೆ, ಅಜ್ಜಿ ಒಲೆ ಸಾರಿಸಲು ಕಲಸಿಡುತ್ತಿದ್ದ ಮಣ್ಣಿನಷ್ಟೇ ಮೆದು. ಬಂಡೆ ಬಂಡೆಯನ್ನು ಅರೆದರೆ ಉಳಿಯುವುದು ಅಷ್ಟೇ ನೋಡಿ.

ನಮ್ಮೂರೂ ಸರಿಯುತ್ತಿದೆಯೇ ಎಂದಿದ್ದಿರಿ. ಹೌದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಜಿಪಿಎಸ್ ಕೇಂದ್ರದ ಅಳತೆಯಂತೆ ನಮ್ಮ ನೆಲ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಈಶಾನ್ಯಕ್ಕೆ ಸಾಗುತ್ತಿದೆ. ಬಾಬಾಬುಡನ್‌ಗಿರಿ, ನಮ್ಮ ತೋಟ, ಬೆಂಗಳೂರು ಎಲ್ಲವೂ ಜೊತೆಯಲ್ಲೇ ಸಾಗುವುದರಿಂದ ನಮ್ಮ ಬೇಲಿ ಬಾಗುವುದಿಲ್ಲ. ಅಂಥ ಬಾಗು ಕೂಡುತ್ತಿರುವುದು ನಮ್ಮ ಫಲಕ ಉತ್ತರದ ಫಲಕವನ್ನು ಒತ್ತುವ ಹಿಮಾಲಯದ ಬುಡದಲ್ಲಿ. ಆದರೂ 1967ರ ಕೊಯ್ನಾ ಮತ್ತು 1993ರ ಲಾತೂರು ಭೂಕಂಪಗಳು ಫಲಕದ ಒಳನಾಡಿನಲ್ಲೇ ಆದವು; ಆದ್ದರಿಂದ ನಮ್ಮ ಕಡೆ ಎಂದಿಗೂ ಆಗದೆಂದು ನಾನು ಬರೆಯಲಾರೆ.

ಮುಂದಿನ ವಾರ ಮತ್ತೆರಡು ಕಂಬಗಳನ್ನು ಅಳೆಯಲು ಪಶ್ಚಿಮಕ್ಕೆ ಹೋಗುತ್ತಿದ್ದೇನೆ. ಅಲ್ಲಿ ಸಿಗ್ನಲ್ ಸಿಗುವುದಿಲ್ಲ. ನಾಲ್ಕು ದಿನ ನನ್ನ ಫೋನ್ ಬಾರದಿದ್ದರೆ ಅಮ್ಮ ಗಾಬರಿಯಾಗದಂತೆ ನೋಡಿಕೊಳ್ಳಿ.

ಇಂತಿ,
ನಿಮ್ಮ ಪ್ರೀತಿಯ ಮಗಳು