ಅವರು ಕೇಳಿದ ಹೆಸರನ್ನೇ ಕೊಡಬೇಕೆ?

ಸಂಪಾದಕರೇ,

ಇರಾಕ್–ಸಿರಿಯಾದ ಉಗ್ರರ ಗುಂಪೊಂದು 2014ರ ಜೂನ್‌ನಲ್ಲಿ ಖಿಲಾಫತ್ (ಖಲೀಫನ ಆಳ್ವಿಕೆ) ಘೋಷಿಸಿ ‘ಇಸ್ಲಾಮಿಕ್ ಸ್ಟೇಟ್’ (ಐಎಸ್) ಎಂದು ಹೆಸರಿಟ್ಟುಕೊಂಡಿತು. ನಾವೂ ಅದನ್ನೇ ಅಚ್ಚು ಹಾಕಿದರೆ ಅವರಿಗೆ ಬೇಕಾದ ಮನ್ನಣೆ ಪುಕ್ಕಟೆಯಾಗಿ ಸಿಕ್ಕಂತೆ. ಅರಬ್ಬರು ಬಳಸುವ ‘ದಾಯಿಶ್’ ಆ ಗುಂಪಿನ ಹಳೆಯ ಅರಬ್ಬಿ ಹೆಸರಿನ ಮೊದಲಕ್ಷರಗಳಷ್ಟೇ. ಆದರೆ ಹಾಗೆಂದಾಗ ‘ಇಸ್ಲಾಂ’, ‘ರಾಜ್ಯ’ ಎರಡೂ ಕಿವಿಗೆ ಬೀಳುವುದಿಲ್ಲ. ಜೊತೆಗೆ, ತುಳಿಯುವವನು ಎಂಬರ್ಥದ ಪದದ ಛಾಯೆಯೂ ಇದೆ. ಗುಂಪಿಗೆ ಈ ಹೆಸರು ಕಂಡರಾಗದು. ಫತ್ವಾ ನೀಡುವ ಈಜಿಪ್ಟಿನ ಸಂಸ್ಥೆ ದಾರುಲ್ ಇಫ್ತಾ 2014ರಲ್ಲೇ ಸೂಚಿಸಿದ ‘ಇರಾಕ್ ಮತ್ತು ಸಿರಿಯಾದ ಅಲ್‌ಖೈದಾ ಪ್ರತ್ಯೇಕತಾವಾದಿಗಳು’ ಮಾತ್ರ ಚಲಾವಣೆಗೆ ಬರಲಿಲ್ಲ. ಅಷ್ಟುದ್ದದ ಹೆಸರು ಯಾವ ಶೀರ್ಷಿಕೆಯಲ್ಲಿ ಹಿಡಿಸೀತು!

ಇಂಥ ಉಗ್ರರಿಗೆ ಕೆಲವರು ಬಳಸುವ ‘ಖವಾರಿಜ್’ ಪದದ ವಿಷಯದಲ್ಲಿ ಎಚ್ಚರ ಬೇಕು. ಅದು 7ನೇ ಶತಮಾನದಲ್ಲಿ ಖಲೀಫ ಅಲಿಯವರ ವಿರುದ್ಧ ಬಂಡೆದ್ದವರ ಹೆಸರು. ಪಾಕಿಸ್ತಾನ ಸರ್ಕಾರ 2024ರಲ್ಲಿ ತನ್ನ ವಿರುದ್ಧ ಹೋರಾಡುವ ಉಗ್ರ ಗುಂಪು ತೆಹ್ರೀಕ್ ಎ ತಾಲಿಬಾನ್‌ಗೆ ಅದನ್ನು ಅಂಟಿಸಿತು. ವಿದ್ವಾಂಸರು ಹೇಳಿದರೆ ಆ ಪದಕ್ಕೆ ತೂಕ. ಗೃಹ ಸಚಿವಾಲಯ ಹೇಳಿದರೆ ಜನರಿಗೆ ಅನುಮಾನ.

ವರದಿಗಾರರು ಮೊದಲ ಉಲ್ಲೇಖದಲ್ಲಿ ‘ದಾಯಿಶ್, ಅಂದರೆ ಐಎಸ್ ಗುಂಪು’ ಎಂದೂ ಆಮೇಲೆ ಬರೀ ‘ದಾಯಿಶ್’ ಎಂದೂ ಬರೆಯಬಹುದು. ‘ಖಲೀಫ’ನ ಹಿಂದೆ ‘ಸ್ವಘೋಷಿತ’ ಇರಲಿ. ‘ಜಿಹಾದಿ’ಯ ಬದಲು ‘ಉಗ್ರ’ ಸಾಕು.

– ಓದುಗರು, ಮಂಗಳೂರು