ಹೊರ ವರ್ತುಲ ರಸ್ತೆಯ ಸೈಕಲ್ ಪಥ: ಬಣ್ಣ ಸಾಲದು, ಅಳತೆ ಬೇಕು

ಮಾನ್ಯ ಸಂಪಾದಕರೆ,

ಬೆಂಗಳೂರಿನ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದವರೆಗೆ ಮೆಟ್ರೊಗಾಗಿ ಅಗೆದ ಹೊರ ವರ್ತುಲ ರಸ್ತೆಯನ್ನು ಮತ್ತೆ ಕಟ್ಟಲೇಬೇಕು. ಇದೇ ರಸ್ತೆಯಲ್ಲಿ 2020ರಲ್ಲಿ ನಗರ ಭೂ ಸಾರಿಗೆ ನಿರ್ದೇಶನಾಲಯದ ಯೋಜನೆಯಂತೆ ಸುಮಾರು 17 ಕಿ.ಮೀ. ಉದ್ದದ ತಾತ್ಕಾಲಿಕ ಸೈಕಲ್ ಪಥ ಮಾಡಲು ಹೊರಟಿದ್ದರು. ಅದಕ್ಕಿದ್ದ ರಕ್ಷಣೆ ಸಾಲಾಗಿ ನೆಟ್ಟ ಬೊಲಾರ್ಡ್‌ಗಳು (ವಾಹನ ತಡೆಯುವ ಗಿಡ್ಡ ಕಂಬಗಳು) ಮಾತ್ರ. ಅವು ಮುರಿದವು, ಬೈಕುಗಳು ನುಗ್ಗಿದವು, ಕೊನೆಗೆ ಮೆಟ್ರೊ ಕಾಮಗಾರಿಯಲ್ಲಿ ಪಥವೇ ಅಳಿಸಿಹೋಯಿತು. ಅದಕ್ಕೂ ಮುಂಚೆ ಜಯನಗರದಲ್ಲಿ ಗೆರೆ ಎಳೆದು ಮಾಡಿದ ಪಥಗಳ ಮೇಲೆ ಕಾರುಗಳು ನಿಂತವು. ಇದನ್ನೇ ತೋರಿಸಿ ‘ಈ ಊರಲ್ಲಿ ಸೈಕಲ್ ಯಾರು ತುಳೀತಾರೆ’ ಎನ್ನುವವರಿದ್ದಾರೆ. ತುಳಿಯಲು ಆಗದಂಥ ಪಥ ಮಾಡಿ ಸವಾರರನ್ನು ಎಣಿಸುವುದು ನ್ಯಾಯವಲ್ಲ. ಹೊಸ ರಸ್ತೆಯ ನಕ್ಷೆ ಅಂತಿಮವಾಗುವ ಮುನ್ನ ಕೆಲವು ಅಳತೆಗಳನ್ನು ಸಂಬಂಧಪಟ್ಟ ಎಂಜಿನಿಯರ್‌ಗಳ ಗಮನಕ್ಕೆ ತರಬಯಸುತ್ತೇವೆ.

ಮೊದಲು ಅಗಲ. ಓಲಾಡುತ್ತ ಸಾಗುವ ಸೈಕಲ್ಲಿಗೆ ಸುಮಾರು 1 ಮೀಟರ್ ಜಾಗ ಬೇಕು. ಆದ್ದರಿಂದ ಒಂದೇ ದಿಕ್ಕಿನ ಪಥವಾದರೂ ಅಡೆತಡೆಯಿಲ್ಲದ 2 ಮೀಟರ್ ಸಿಗಬೇಕು. 1.5 ಮೀಟರ್ ಮಾಡಿ ಅದರಲ್ಲೇ ಕಂಬ, ಟ್ರಾನ್ಸ್‌ಫಾರ್ಮರ್ ಇಟ್ಟರೆ ಹಿಂದಿನವನು ಮುಂದಿನವನನ್ನು ದಾಟಲು ಬಸ್ಸುಗಳ ನಡುವೆ ಇಳಿಯಬೇಕಾಗುತ್ತದೆ. ಪಕ್ಕದಲ್ಲಿ ಕಾರು ನಿಲ್ಲಿಸಲು ಬಿಡುವುದಾದರೆ ನಡುವೆ ಇನ್ನೂ 75 ಸೆಂ.ಮೀ.ನಿಂದ 1 ಮೀಟರ್ ಪಟ್ಟಿ ಬಿಡಬೇಕು. ಥಟ್ಟನೆ ತೆರೆದ ಕಾರಿನ ಬಾಗಿಲು ಸವಾರನನ್ನು ಕೆಡವುವುದು ಅಷ್ಟು ದೂರದೊಳಗೇ.

ಎತ್ತರದ ವಿಷಯದಲ್ಲಿ ಎರಡು ಬಗೆಯ ತಪ್ಪು ಆಗುತ್ತದೆ. ಪಥ ರಸ್ತೆಯ ಮಟ್ಟದಲ್ಲಿದ್ದರೆ ವಾಹನಗಳು ತುಂಬುತ್ತವೆ, ಫುಟ್‌ಪಾತ್ ಮಟ್ಟದಲ್ಲಿದ್ದರೆ ಪಾದಚಾರಿಗಳಿಗೆ ವ್ಯತ್ಯಾಸ ತಿಳಿಯದೆ ಇಬ್ಬರಿಗೂ ಕಿರಿಕಿರಿ. ಫುಟ್‌ಪಾತ್ ರಸ್ತೆಗಿಂತ 150 ಮಿ.ಮೀ. ಎತ್ತರವಿರುವಲ್ಲಿ ಪಥವನ್ನು 75 ಮಿ.ಮೀ.ಗೆ ನಿಲ್ಲಿಸಿದರೆ ಮೂರೂ ಬೇರೆಬೇರೆಯಾಗಿ ಕಾಣುತ್ತವೆ. ಫುಟ್‌ಪಾತ್ ಕಡೆಯ ಅಂಚನ್ನು ಇಳಿಜಾರಾಗಿ ಕತ್ತರಿಸಬೇಕು, ನೆಟ್ಟಗಿದ್ದರೆ ಪೆಡಲ್ ತಾಗಿ ಬೀಳುತ್ತಾರೆ. ಬೊಲಾರ್ಡ್ ಬೇಕಾಗುವುದು ಪ್ರವೇಶದ ಬಾಯಲ್ಲಿ. ಎರಡರ ನಡುವೆ 1.2 ಮೀಟರ್ ಬಿಟ್ಟರೆ ಕಾರು, ಆಟೊ ನುಸುಳಲಾರವು, ಗಾಲಿಕುರ್ಚಿ ಸಲೀಸಾಗಿ ಹೋಗುತ್ತದೆ. ಬೈಕನ್ನು ಮಾತ್ರ ಯಾವ ಬೊಲಾರ್ಡೂ ತಡೆಯದು, ಅದರ ಹ್ಯಾಂಡಲ್ ಸೈಕಲ್ಲಿನದಷ್ಟೇ ಅಗಲ. ಅಲ್ಲಿ ಕ್ಯಾಮೆರಾ ಮತ್ತು ದಂಡವೇ ಕೆಲಸ ಮಾಡಬೇಕು. ಬೈಕ್ ತಡೆಯುವ ಹೆಸರಲ್ಲಿ ಸೈಕಲ್ಲನ್ನು ಎತ್ತಿ ದಾಟಿಸಬೇಕಾದ ಕಬ್ಬಿಣದ ಗೇಟು ಹಾಕುವುದು ಬೇಡ.

ಕಟ್ಟಡಗಳ ಗೇಟಿನ ಮುಂದೆ ಪಥವನ್ನು ರಸ್ತೆಗೆ ಇಳಿಸಿ ಮತ್ತೆ ಏರಿಸುವ ಅಭ್ಯಾಸವನ್ನು ಕೈಬಿಡಬೇಕು. ಹತ್ತು ಗೇಟಿಗೆ ಹತ್ತು ಸಲ ಏರಿಳಿದರೆ ಸವಾರ ಪಥ ಬಿಟ್ಟು ಡಾಂಬರು ರಸ್ತೆ ಹಿಡಿಯುತ್ತಾನೆ, ತಗ್ಗಿನಲ್ಲಿ ಮಳೆನೀರೂ ನಿಲ್ಲುತ್ತದೆ. ಪಥ ಸಮತಟ್ಟಾಗಿಯೇ ಸಾಗಲಿ, ಕಾರು ಅಂಚಿನ ಸಣ್ಣ ಇಳಿಜಾರು ಹತ್ತಿ ಅದನ್ನು ದಾಟಲಿ. ಆಗ ಕಾರಿನ ವೇಗ ತಾನಾಗಿಯೇ ತಗ್ಗುತ್ತದೆ.

ಜೀವ ಹೋಗುವುದು ಹೆಚ್ಚಾಗಿ ಜಂಕ್ಷನ್ನಿನಲ್ಲಿ. ನಮ್ಮ ಬಹುತೇಕ ಪಥಗಳು ಜಂಕ್ಷನ್‌ಗೆ 30 ಮೀಟರ್ ಇರುವಾಗಲೇ ಕಾಣೆಯಾಗುತ್ತವೆ. ನೇರ ಹೋಗುವ ಸೈಕಲ್, ಎಡಕ್ಕೆ ಹೊರಳುವ ಲಾರಿ ಒಂದೇ ಜಾಗಕ್ಕೆ ಬರುತ್ತವೆ. ಚಾಲಕನಿಗೆ ತನ್ನ ಎಡಬದಿಯ ಮುಂಚಕ್ರದ ಪಕ್ಕ ಇರುವವರು ಕಾಣುವುದಿಲ್ಲ. ಇಲ್ಲಿ ಸಿಗ್ನಲ್ ಇಲ್ಲದ ‘ಫ್ರೀ ಲೆಫ್ಟ್’ ಹೋಗಬೇಕು. ಮೂಲೆಯ ತಿರುವನ್ನು 5 ಮೀಟರ್ ತ್ರಿಜ್ಯಕ್ಕೆ ಬಿಗಿ ಮಾಡಿ, ಬಸ್ಸಿನ ಹಿಂಚಕ್ರ ಹತ್ತುವಷ್ಟು ಜಾಗಕ್ಕೆ ಒರಟು ಕಲ್ಲು ಹಾಸಬಹುದು. ಸೈಕಲ್ ದಾಟುವ ಪಟ್ಟಿಯನ್ನು ಮುಖ್ಯರಸ್ತೆಯ ಅಂಚಿನಿಂದ ಸುಮಾರು 5 ಮೀಟರ್ ಒಳಕ್ಕೆ ಸರಿಸಿದರೆ, ತಿರುಗಿದ ಕಾರು ಅಲ್ಲಿಗೆ ಬರುವಷ್ಟರಲ್ಲಿ ನೇರವಾಗಿ ನಿಂತಿರುತ್ತದೆ, ಸವಾರ ಚಾಲಕನ ಕಣ್ಣೆದುರಿಗೇ ಬರುತ್ತಾನೆ. ಸೈಕಲ್ಲಿಗೆ 4–5 ಸೆಕೆಂಡ್ ಮುಂಚೆ ಹಸಿರು ದೀಪ ಬಂದರೆ ಇನ್ನೂ ಒಳ್ಳೆಯದು. ಇಬ್ಬಲೂರು, ಮಾರತಹಳ್ಳಿಯಂಥ ಕಡೆ ಇಷ್ಟು ಮಾಡದೆ ಉಳಿದೆಲ್ಲ ಮಾಡಿದರೂ ತಾಯಂದಿರು ಮಕ್ಕಳನ್ನು ಸೈಕಲ್ಲಿನಲ್ಲಿ ಕಳಿಸುವುದಿಲ್ಲ, ಕಳಿಸಲೂ ಬಾರದು.

ಬಸ್ ನಿಲ್ದಾಣದಲ್ಲಿ ಪಥ ತಂಗುದಾಣದ ಹಿಂದಿನಿಂದ ಹಾಯಬೇಕು, ಬಸ್ ಹತ್ತುವವರಿಗೆ ಮುಂದೆ ಕನಿಷ್ಠ 2.5 ಮೀಟರ್ ಕಟ್ಟೆ ಇರಬೇಕು. ಕಟ್ಟೆ ಕಿರಿದಾದರೆ ಜನ ಪಥದಲ್ಲೇ ನಿಲ್ಲುತ್ತಾರೆ. ಅದು ಅವರ ತಪ್ಪಲ್ಲ.

ಮೇಲ್ಮೈಗೆ ಇಂಟರ್‌ಲಾಕ್ ಕಲ್ಲು ಬೇಡ. ಕೆಳಗಿನ ಮರಳು ಕೂತರೆ ಕಲ್ಲು ಅಲ್ಲಲ್ಲಿ ಕುಸಿಯುತ್ತದೆ. ಡಾಂಬರು ಅಥವಾ ಗರಗಸದಿಂದ ಸಣ್ಣ ಸಂದು ಕೊರೆದ ಕಾಂಕ್ರೀಟ್ ಒಳ್ಳೆಯದು. ಪೂರ್ತಿ ಪಥಕ್ಕೆ ಬಣ್ಣ ಬಳಿದರೆ ಮಳೆಯಲ್ಲಿ ಜಾರುತ್ತದೆ, ದಾಟುವ ಜಾಗಕ್ಕಷ್ಟೇ ಜಾರದ ಬಣ್ಣ ಸಾಕು. ಚೇಂಬರ್ ಮುಚ್ಚಳಗಳನ್ನು ಫುಟ್‌ಪಾತ್ ಕಡೆ ಸರಿಸಬೇಕು. ಚರಂಡಿ ಜಾಲರಿಯ ಸರಳುಗಳು ಸಂಚಾರದ ದಿಕ್ಕಿಗೆ ಅಡ್ಡಲಾಗಿರಲಿ. ಉದ್ದಕ್ಕಿದ್ದರೆ 30 ಮಿ.ಮೀ. ಟೈರು ಸಂದಿಗೆ ಇಳಿದು ಸವಾರ ಮುಗ್ಗರಿಸುತ್ತಾನೆ. ಅಡ್ಡ ಇಳಿಜಾರು ಶೇ 2ರಷ್ಟು ಬೇಕು. ಬಿಲ್ ಪಾಸ್ ಮಾಡುವ ಮುನ್ನ ಟ್ಯಾಂಕರ್ ನೀರು ಹರಿಸಿ, ಎಲ್ಲಿ ನಿಲ್ಲುತ್ತದೆ ಎಂದು ಗುರುತು ಹಾಕಿಕೊಂಡು ಗುತ್ತಿಗೆದಾರರಿಂದಲೇ ಸರಿಪಡಿಸಿಕೊಳ್ಳಬೇಕು.

ಅಡ್ಡರಸ್ತೆಗಳಿಗೆ ಪಥ ಬೇಕಿಲ್ಲ, ಅಲ್ಲಿ ಗಂಟೆಗೆ 30 ಕಿ.ಮೀ. ಮಿತಿ ಸಾಕು. 50ರಲ್ಲಿ ಬರುವ ಕಾರಿನ ಪೆಟ್ಟಿನ ಶಕ್ತಿ 30ರದಕ್ಕಿಂತ ಹೆಚ್ಚುಕಡಿಮೆ 2.8 ಪಟ್ಟು. ಒಣ ರಸ್ತೆಯಲ್ಲಿ ಚಾಲಕನಿಗೆ ಎಚ್ಚರವಾಗಿ ಕಾರು ನಿಲ್ಲಲು 30ರಲ್ಲಿ ಸುಮಾರು 13 ಮೀಟರ್, 50ರಲ್ಲಿ 28 ಮೀಟರ್ ಬೇಕು.

ಇಷ್ಟೆಲ್ಲ ಏಕೆಂದರೆ, ಮೆಟ್ರೊ ಓಡತೊಡಗಿದ ಮೇಲೂ ಮನೆಯಿಂದ ನಿಲ್ದಾಣಕ್ಕೆ ಹೋಗಲು ದಾರಿ ಇಲ್ಲದಿದ್ದರೆ ಜನ ಕಾರು, ಬೈಕನ್ನೇ ತೆಗೆಯುತ್ತಾರೆ. 4 ಕಿ.ಮೀ. ದೂರ ಸೈಕಲ್ಲಿಗೆ ಕಾಲು ಗಂಟೆಯ ದಾರಿ. ಒಂದು ಕಾರು ನಿಲ್ಲುವ ಜಾಗದಲ್ಲಿ ಎಂಟು ಸೈಕಲ್ ಹಿಡಿಸುತ್ತವೆ. ನಿಲ್ದಾಣದಲ್ಲಿ ಚಕ್ರ ಮಾತ್ರ ಸಿಕ್ಕಿಸುವ ಸ್ಟ್ಯಾಂಡ್ ಬದಲು ಚೌಕಟ್ಟಿಗೇ ಬೀಗ ಹಾಕಬಹುದಾದ, ನೆಲಕ್ಕೆ ಹೂತ ಬಾಗಿದ ಪೈಪುಗಳನ್ನು 1 ಮೀಟರ್ ಅಂತರದಲ್ಲಿ ಹಾಕಲಿ, ಅದು ಸಿ.ಸಿ. ಕ್ಯಾಮೆರಾ ಕಾಣುವ ಜಾಗದಲ್ಲಿರಲಿ.

2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 198ಎ ಕಲಮಿನ ಪ್ರಕಾರ, ರಸ್ತೆಯ ವಿನ್ಯಾಸ ಅಥವಾ ನಿರ್ವಹಣೆಯಲ್ಲಿ ನಿಗದಿತ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಉಂಟಾದರೆ ಹೊಣೆ ಹೊತ್ತ ಪ್ರಾಧಿಕಾರ, ಗುತ್ತಿಗೆದಾರ, ಸಲಹೆಗಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಗ್ರೇಟರ್ ಬೆಂಗಳೂರು ಪ್ರಾಧಿಕಾರವು ಪ್ರತಿ ಜಂಕ್ಷನ್ನಿನ ನಕ್ಷೆಯನ್ನು ಟೆಂಡರ್‌ಗೆ ಮುನ್ನವೇ ಸಾರ್ವಜನಿಕರ ಮುಂದಿಟ್ಟು, ಆಕ್ಷೇಪಣೆಗೆ ಕನಿಷ್ಠ 30 ದಿನ ಕೊಡಬೇಕೆಂದು ಒತ್ತಾಯಿಸುತ್ತೇವೆ.

– ರಸ್ತೆ ವಿನ್ಯಾಸ ಕ್ಷೇತ್ರದ ಕೆಲವು ಓದುಗರು, ಬೆಂಗಳೂರು