ಸಹಿ ಹಾಕಿ ಅಪ್ಪ, ಆ ಒಂದು ಸಾಲು ಮಾತ್ರ ಹೊಡೆದುಹಾಕಿಸಿ

ಕೊಲಂಬಸ್, ಓಹಾಯೊ
ಭಾನುವಾರ ರಾತ್ರಿ

ಪ್ರೀತಿಯ ಅಪ್ಪನಿಗೆ,

ನಮಸ್ಕಾರಗಳು. ನಾವೆಲ್ಲ ಕ್ಷೇಮ. ನೀವೂ ಅಮ್ಮನೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ಫೋನಿನಲ್ಲಿ ಅರ್ಧ ಗಂಟೆ ಮಾತಾಡಿದರೂ ಕೊನೆಗೆ ನೀವು "ಎಲ್ಲಾ ವಿವರವಾಗಿ ಕಾಗದ ಬರಿ" ಅನ್ನುತ್ತೀರಿ. ಅದಕ್ಕೇ ಕೂತಿದ್ದೇನೆ. ಪುಟ್ಟಿ ಮಲಗಿದ್ದಾಳೆ. ಇವರು ಪಾತ್ರೆ ತೊಳೆಯುತ್ತಿದ್ದಾರೆ. ಅಮ್ಮನಿಗೆ ಓದಿ ಹೇಳುವಾಗ ಈ ಪಾತ್ರೆಯ ಸಾಲು ಬಿಟ್ಟುಬಿಡಿ.

ನಮ್ಮ ಕುವೆಂಪುನಗರದ ರಸ್ತೆ ಕೊನೆಗೆ ದರ್ಶಿನಿ ಬರುತ್ತಿದೆ, ಬೀದಿಯವರೆಲ್ಲ ಸೇರಿ ಪಾಲಿಕೆಗೆ ಮನವಿ ಬರೆದಿದ್ದಾರೆ, ಸಹಿ ಹಾಕಲೋ ಬೇಡವೋ ಅಂತ ಕೇಳಿದಿರಲ್ಲ. ನೀವು ಕಳಿಸಿದ ಮನವಿಯ ಫೋಟೋನ ಎರಡು ಸಲ ಓದಿದೆ. ಉತ್ತರ ಹೇಳುವ ಮುಂಚೆ ಇಲ್ಲಿನ ಕಥೆ ಕೇಳಿ. ಇದೇ ತಿಂಗಳು ನಾನೂ ಇಂಥದೇ ಒಂದು ಕಾಗದಕ್ಕೆ ಸಹಿ ಹಾಕಿದ್ದೇನೆ.

ನಮ್ಮ ಬಡಾವಣೆಯ ರಸ್ತೆ ದೊಡ್ಡ ರಸ್ತೆಗೆ ಸೇರುವ ಮೂಲೆಯಲ್ಲಿ ಹಳೆಯ ಬ್ಯಾಂಕ್ ಕಟ್ಟಡ ಇದೆ, ನೆನಪಿದೆಯಾ? ನೀವು ಬಂದಿದ್ದಾಗ ಬೆಳಗಿನ ವಾಕಿಂಗ್ ಮುಗಿಸಿ ಅದರ ಮುಂದಿನ ಕಟ್ಟೆ ಮೇಲೆ ಕೂರುತ್ತಿದ್ದಿರಿ. ಬ್ಯಾಂಕ್ ಹೋಗಿ ಎರಡು ವರ್ಷವಾಯಿತು. ಈಗ ಅಲ್ಲಿ ಡ್ರೈವ್-ಥ್ರೂ ಇರುವ ಬರ್ಗರ್ ಹೋಟೆಲ್ ಬರುತ್ತದಂತೆ. ಒಂದು ಸಲ ಅಂಥ ಕಡೆ ನಿಮ್ಮನ್ನು ಕರೆದುಕೊಂಡು ಹೋಗಿದ್ದೆ. ಕಾರಿನಲ್ಲೇ ಕೂತು ಒಂದು ಕಂಬದ ಜೊತೆ ಮಾತಾಡಿದೆ, ಮುಂದಿನ ಕಿಟಕಿಯಲ್ಲಿ ಕಾಫಿ ಕೊಟ್ಟರು. ನೀವು "ಇಳಿದು ಹೋಗೋಕೆ ಕಾಲಿಲ್ವಾ ಇವರಿಗೆ?" ಅಂದಿರಿ. ಆಮೇಲೆ ಆ ಕಾಫಿನ ಪೂರ್ತಿ ಕುಡಿಯಲೂ ಇಲ್ಲ.

ಈ ಕಿಟಕಿ ವ್ಯಾಪಾರ ಇಲ್ಲಿ ನಿನ್ನೆ ಮೊನ್ನೆಯದಲ್ಲ. ಕಾರಿನಿಂದಲೇ ಕಂಬಕ್ಕೆ ಆರ್ಡರ್ ಹೇಳುವ ಏರ್ಪಾಡನ್ನು ಕ್ಯಾಲಿಫೋರ್ನಿಯಾದಲ್ಲಿ ಇನ್-ಎನ್-ಔಟ್‌ನವರು 1948ರಲ್ಲೇ ಮಾಡಿದ್ದರು. ಮೆಕ್‌ಡೊನಾಲ್ಡ್ಸ್ ಇದಕ್ಕೆ ಕೈ ಹಾಕಿದ್ದು 1975ರಲ್ಲಿ, ಅರಿಜೋನಾದ ಸಿಯೆರ್ರಾ ವಿಸ್ಟಾ ಅನ್ನುವ ಊರಲ್ಲಿ. ಅಲ್ಲಿ ಪಕ್ಕದಲ್ಲೇ ಸೈನ್ಯದ ನೆಲೆ. ಕೆಲಸದ ಸಮವಸ್ತ್ರದಲ್ಲಿ ಸೈನಿಕರು ಹೊರಗೆ ಕಾರಿಂದ ಇಳಿಯುವಂತಿರಲಿಲ್ಲ. ಅವರಿಗೋಸ್ಕರ ಗೋಡೆ ಒಡೆದು ಕಿಟಕಿ ಇಟ್ಟರು. ಆ ಸೈನಿಕರಿಗೆ ನೆಪವಾದರೂ ಇತ್ತು, ನನಗೇನಿದೆ ಹೇಳಿ? ಅಂದ ಹಾಗೆ ನಮ್ಮ ಮೂಲೆಗೆ ಬರುತ್ತಿರುವುದು ಇವೆರಡೂ ಅಲ್ಲ. ಅದರ ಹೆಸರು ಕಟ್ಟಿಕೊಂಡು ನಿಮಗೇನಾಗಬೇಕು, ಬಿಡಿ.

ಇಲ್ಲಿ ಇಂಥದ್ದು ಬರುವ ಮುಂಚೆ ಅಕ್ಕಪಕ್ಕದ ಮನೆಯವರಿಗೆ ಅಂಚೆಯಲ್ಲಿ ನೋಟಿಸ್ ಬರುತ್ತದೆ. ಇಂಥ ದಿನ, ಇಷ್ಟು ಹೊತ್ತಿಗೆ ಪ್ಲಾನಿಂಗ್ ಕಮಿಷನ್ ಸಭೆ, ಬಂದು ಮಾತಾಡಬಹುದು ಅಂತ. ಜೊತೆಗೆ ನಕ್ಷೆ. ನಕ್ಷೆಯಲ್ಲಿ ಕಟ್ಟಡದ ಸುತ್ತ ಹಾವಿನ ಹಾಗೆ ಒಂದು ದಾರಿ. ಆ ದಾರಿಯಲ್ಲಿ ಹತ್ತು ಕಾರು ಒಂದರ ಹಿಂದೆ ಒಂದು ನಿಲ್ಲಬಹುದು.

ಒಂದು ಕಾರಿಗೆ ಸುಮಾರು 20 ಅಡಿ ಅಂತ ಲೆಕ್ಕ ಹಿಡಿಯುತ್ತಾರೆ. ಹತ್ತು ಕಾರಿಗೆ 200 ಅಡಿ. ನಮ್ಮ ಬೀದಿಯ 40-60 ಸೈಟಿನ ಲೆಕ್ಕದಲ್ಲಿ ಐದು ಮನೆಗಳ ಮುಂಭಾಗ. ನಮ್ಮ ಗೇಟಿನಿಂದ ಮೂಲೆಯ ಸಂಪಿಗೆ ಮರದವರೆಗೆ ಬರೀ ಕಾರು, ಅದೂ ಎಂಜಿನ್ ಆಫ್ ಮಾಡದೆ. ಮೈಲಾರಿ ಹೋಟೆಲಿನಲ್ಲಿ ತಿನ್ನುತ್ತಿರುವವನ ಬೆನ್ನ ಹಿಂದೆ ನಿಂತು ಕಾಯುತ್ತೇವಲ್ಲ, ಅಲ್ಲಿ ಹತ್ತು ಜನಕ್ಕೆ ಒಂದು ಮಂಚದಷ್ಟು ಜಾಗ ಸಾಕು. ಸರಿ, ಹತ್ತು ಕಾರು ಒಳಗೆ ಹಿಡಿಸಿತು ಅನ್ನೋಣ. ಹನ್ನೊಂದನೆಯದು ಎಲ್ಲಿ ನಿಲ್ಲಬೇಕು? ರಸ್ತೆಯಲ್ಲಿ. ಅದೂ ನಮ್ಮ ಮಕ್ಕಳ ಸ್ಕೂಲ್ ಬಸ್ ನಿಲ್ಲುವ ಜಾಗದಲ್ಲಿ. ಜಗಳವೆಲ್ಲ ಈ ಹನ್ನೊಂದನೇ ಕಾರಿನದು.

ಇನ್ನೊಂದು ತೊಂದರೆ ತಿರುವಿನದು. ಇಲ್ಲಿ ರಸ್ತೆಯ ಬಲಗಡೆ ಓಡಿಸುವುದರಿಂದ ಎಡಕ್ಕೆ ತಿರುಗುವವನು ಎದುರಿನ ಸಾಲು ಖಾಲಿಯಾಗುವವರೆಗೆ ನಡುರಸ್ತೆಯಲ್ಲಿ ಕಾಯಬೇಕು. ನಮ್ಮಲ್ಲಿ ಬಲಕ್ಕೆ ತಿರುಗುವವರ ಪಾಡು. ಆದರೆ ನಮ್ಮವರು ಮೂತಿ ತೂರಿಸಿ ದಾರಿ ಮಾಡಿಕೊಳ್ಳುತ್ತಾರೆ, ಇಲ್ಲಿ ಯಾರೂ ನುಗ್ಗುವುದಿಲ್ಲ. ಒಬ್ಬ ಕಾದರೆ ಅವನ ಹಿಂದೆ ಎಂಟು ಜನ ಕಾಯುತ್ತಾರೆ.

ಹೋಟೆಲ್ ಕಟ್ಟುವವರೇ ದುಡ್ಡು ಕೊಟ್ಟು ಎಂಜಿನಿಯರ್ ಕೈಲಿ ಟ್ರಾಫಿಕ್ ವರದಿ ಮಾಡಿಸಿ ತರುವುದು ಇಲ್ಲಿನ ರೂಢಿ. ಆ ಎಂಜಿನಿಯರುಗಳ ಹತ್ತಿರ ಒಂದು ದಪ್ಪ ಕೈಪಿಡಿ ಇರುತ್ತದೆ, ಎಷ್ಟೋ ಊರುಗಳಲ್ಲಿ ಎಣಿಸಿ ಬರೆದಿಟ್ಟದ್ದು. ಅದರ ಪ್ರಕಾರ ಇಂಥ ಹೋಟೆಲಿನ ಪ್ರತಿ 1,000 ಚದರ ಅಡಿಗೆ ದಿನಕ್ಕೆ ಸುಮಾರು 470 ಓಡಾಟ. ಬಂದದ್ದು ಒಂದು, ಹೋದದ್ದು ಒಂದು. ನಮ್ಮ ಮೂಲೆಯದು 2,500 ಚದರ ಅಡಿ. ಗುಣಾಕಾರ ನಿಮಗೆ ಬಿಟ್ಟೆ. ಅದರಲ್ಲಿ ಅರ್ಧದಷ್ಟು ಹೇಗೂ ಆ ದಾರಿಯಲ್ಲಿ ಹೋಗುವವರೇ ಅನ್ನುವುದೂ ನಿಜ, ಅದನ್ನು ಮುಚ್ಚಿಡಬಾರದು.

ಇದು ನಿಮಗೆ ನಗು ತರಿಸುತ್ತದೆ ನೋಡಿ: ಇಲ್ಲಿ ಕೂಡುರಸ್ತೆಗೂ ಎ ಇಂದ ಎಫ್‌ವರೆಗೆ ಗ್ರೇಡ್ ಕೊಡುತ್ತಾರೆ. ಸಿಗ್ನಲ್ ಇರುವ ಕಡೆ ಸರಾಸರಿ 10 ಸೆಕೆಂಡಿಗಿಂತ ಜಾಸ್ತಿ ಕಾಯದೆ ದಾಟಿದರೆ ಎ. 80 ಸೆಕೆಂಡಿಗಿಂತ ಜಾಸ್ತಿ ಕಾದರೆ ಎಫ್. ಡಿ ಬಂದರೂ ಪರವಾಗಿಲ್ಲ ಅಂತ ಎಷ್ಟೋ ಊರುಗಳು ಒಪ್ಪುತ್ತವೆ. ನಮ್ಮ ಮೂಲೆಗೆ ವರದಿಯಲ್ಲಿ ಸಿ ಕೊಟ್ಟಿದ್ದರು. ಮೂವತ್ತು ವರ್ಷ ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳಿದವರು ನೀವು, ಮೊದಲು ಏನು ಕೇಳುತ್ತಿದ್ದಿರಿ? "ಲೆಕ್ಕ ಮಾಡಿದ್ದು ಯಾವತ್ತು?" ಅಂತ ತಾನೇ? ಅದನ್ನೇ ನಮ್ಮ ಎದುರು ಮನೆಯ ಅಜ್ಜ ಕೇಳಿದರು.

ಅವರಿಗೆ ಎಂಬತ್ತು ದಾಟಿದೆ. ನಮ್ಮ ಜೊತೆ ಹಿಮದ ಬಗ್ಗೆ ಬಿಟ್ಟು ಬೇರೆ ಮಾತಾಡಿದ್ದು ಕಮ್ಮಿ. ಆ ಮನುಷ್ಯ ಮೂರು ದಿನ ಬೆಳಗ್ಗೆ ಏಳೂವರೆಗೆ ಮಡಚೋ ಕುರ್ಚಿ ಹಿಡಿದುಕೊಂಡು ಪಕ್ಕದ ಊರಿಗೆ ಹೋಗಿ, ಅದೇ ಹೋಟೆಲಿನ ಇನ್ನೊಂದು ಶಾಖೆಯ ಎದುರು ಕೂತು ಕಾರು ಎಣಿಸಿದ್ದಾರೆ. ಸಭೆಯಲ್ಲಿ ನಾನು ಅವರ ಪಕ್ಕ ಕೂತಿದ್ದೆ. ತೊಡೆ ಮೇಲೆ ಅಂಗೈಯಷ್ಟು ನೋಟ್‌ಬುಕ್. ನಾಲ್ಕು ಗೆರೆ, ಐದನೆಯದು ಅಡ್ಡ. ಅಮ್ಮ ಕ್ಯಾಲೆಂಡರಿನ ಹಿಂದೆ ಹಾಲಿನ ಲೆಕ್ಕ ಇಡುತ್ತಿದ್ದಳಲ್ಲ, ಥೇಟ್ ಹಾಗೇ. ಸಾಲು ರಸ್ತೆಗೆ ಬಂದಾಗಲೆಲ್ಲ ಒಂದು ಕೆಂಪು ಚುಕ್ಕಿ. ಆ ಕೆಂಪು ಪೆನ್ನು ಅವರ ಜೇಬಿನಲ್ಲೇ ಇತ್ತು. ಅಂಗಿಗೆ ಶಾಯಿ ಹತ್ತಿತ್ತು, ಅವರಿಗೆ ಗೊತ್ತಿರಲಿಲ್ಲ.

ಒಬ್ಬೊಬ್ಬರಿಗೆ ಮೂರು ನಿಮಿಷ. ಮುಂದೆ ಪುಟ್ಟ ದೀಪ. ಹಸಿರು, ಹಳದಿ, ಕೆಂಪು. ಟ್ರಾಫಿಕ್ ಮಾತಾಡೋಕೂ ಸಿಗ್ನಲ್! ಅಜ್ಜ ಎದ್ದು ನಿಂತು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲೇ ಅರ್ಧ ನಿಮಿಷ ಹೋಯಿತು. ಆಮೇಲೆ ವರದಿಯ ಒಂದು ಪುಟ ತೆಗೆದು ತಾರೀಖು ಓದಿದರು. ಜುಲೈ ತಿಂಗಳು. ಸ್ಕೂಲಿಗೆ ಬೇಸಿಗೆ ರಜ. ಬಸ್ಸಿಲ್ಲ, ಮಕ್ಕಳಿಲ್ಲ, ಬಿಡೋಕೆ ಬರುವ ಅಪ್ಪ ಅಮ್ಮಂದಿರ ಕಾರಿಲ್ಲ. ಎಣಿಸಿದ್ದೂ ಸಂಜೆ ಹೊತ್ತು ಮಾತ್ರ, ಹೋಟೆಲ್ ಬೆಳಗಿನ ತಿಂಡಿಗೇ ತೆರೆಯುತ್ತದೆ. ದಸರಾ ಮುಗಿದ ಮೇಲೆ ಯಾವುದೋ ಮಧ್ಯಾಹ್ನ ಸಯ್ಯಾಜಿರಾವ್ ರಸ್ತೆಯಲ್ಲಿ ನಿಂತು ಜಂಬೂಸವಾರಿಯ ಜನ ಎಣಿಸಿದ ಹಾಗಾಯಿತು.

ನನ್ನ ಸರದಿ ಬಂದಾಗ ಕಿವಿ ಬಿಸಿಯಾಯಿತು. ನಾನೂ ಪ್ರತಿ ಶುಕ್ರವಾರ ಪುಟ್ಟಿನ ಈಜಿನ ಕ್ಲಾಸಿಂದ ಕರೆದುಕೊಂಡು ಬರುವಾಗ ಇಂಥ ಸಾಲಿನಲ್ಲಿ ನಿಲ್ಲುತ್ತೇನೆ, ಹನ್ನೊಂದನೇ ಕಾರು ಎಷ್ಟೋ ಸಲ ನನ್ನದೇ ಅಂದೆ. ಜನ ನಕ್ಕರು. ಬಸ್ ನಿಲ್ಲೋದು ಏಳು ನಲವತ್ತಕ್ಕೆ, ಹೊರಗೆ ಬರುವ ದಾರಿಯೂ ಅಲ್ಲೇ ತೆರೆಯುತ್ತೆ, ಮಕ್ಕಳನ್ನು ಎಲ್ಲಿ ನಿಲ್ಲಿಸೋಣ ಅಂತ ಕೇಳಿದೆ. ಇನ್ನೂ ಹಳದಿ ದೀಪ ಇದ್ದಾಗಲೇ ಬಂದು ಕೂತೆ.

ಇಷ್ಟಾದರೆ ನಾನು ಹೆಮ್ಮೆಯಿಂದ ಬರೆಯಬಹುದಿತ್ತು. ನನ್ನ ನಂತರ ಒಬ್ಬರು ಎದ್ದರು. ಟ್ರಾಫಿಕ್ ಬಗ್ಗೆ ಶುರುಮಾಡಿ, "ಇದು ಬಂದರೆ ಎಂಥೆಂಥವರೋ ನಮ್ಮ ಬಡಾವಣೆಗೆ ಬರ್ತಾರೆ" ಅಂದರು. ಎರಡು ಮೂರು ಕಡೆ ಚಪ್ಪಾಳೆ. ಹೋಟೆಲಿಗೆ ತಕರಾರು ಹೇಳುವ ನಮ್ಮ ಗುಂಪಿನವರೇ ಅಪ್ಪ, ಅದೇ ಕಾಗದಕ್ಕೆ ನಾನು ಸಹಿ ಹಾಕಿದ್ದು. ಎಂಟು ವರ್ಷದ ಹಿಂದೆ ನಾವು ಮನೆ ತಗೊಂಡು ಬಾಗಿಲಿಗೆ ತೋರಣ ಕಟ್ಟಿದಾಗ ಎದುರಿನ ಕಿಟಕಿಗಳ ಪರದೆ ಸರಿದದ್ದು ನೆನಪಾಯಿತು. ಅವತ್ತಿನ "ಎಂಥೆಂಥವರೋ" ನಾವೇ ತಾನೇ? ಆಮೇಲೆ ಹೋಟೆಲಿನ ಪರವಾಗಿ ಒಬ್ಬಳು ಹುಡುಗಿ ಮಾತಾಡಿದಳು. ಕಂಕುಳಲ್ಲಿ ಒಂದು ಮಗು. ಇನ್ನೊಂದು ಅವಳ ಕಾಲು ಹಿಡಿದು ನಿಂತಿತ್ತು. ಇಬ್ಬರು ಮಕ್ಕಳನ್ನು ಹಿಮದಲ್ಲಿ ಇಳಿಸಿ ಹತ್ತಿಸಿ ಬೆಲ್ಟ್ ಹಾಕಿ ನೋಡಿ, ಆಮೇಲೆ ಕಿಟಕಿ ಬೇಡ ಅನ್ನಿ ಅಂದಳು. ಅವಳು ಹೇಳಿದ್ದೂ ಸರಿ. ಗಾಲಿಕುರ್ಚಿಯವರಿಗೂ ಅದು ಅನುಕೂಲವೇ. ಮಿನಿಯಾಪೊಲಿಸ್‌ನಲ್ಲಿ 2019ರಿಂದ ಹೊಸ ಡ್ರೈವ್-ಥ್ರೂಗೆ ಅನುಮತಿಯೇ ಇಲ್ಲ. ನಮ್ಮ ಊರು ಅಷ್ಟು ದೂರ ಹೋಗಲಿ ಅಂತ ನನಗನ್ನಿಸುವುದಿಲ್ಲ.

ಕಮಿಷನ್ ಅವತ್ತು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಸ್ಕೂಲ್ ನಡೆಯುವ ದಿನ, ಬೆಳಗ್ಗೆಯೂ ಎಣಿಸಿ ಮುಂದಿನ ತಿಂಗಳು ತನ್ನಿ ಅಂತ ಕಳಿಸಿತು. ಅಜ್ಜನನ್ನು ಕೈ ಹಿಡಿದು ಕಾರಿನವರೆಗೆ ಕರೆದುಕೊಂಡು ಹೋದೆ. ಹಿಮದ ಬಗ್ಗೆ ಮಾತಾಡಿದರು.

ಈಗ ನಿಮ್ಮ ವಿಷಯ. ನೀವು ಯಾಕೆ ಹಿಂದೆ ಮುಂದೆ ನೋಡುತ್ತಿದ್ದೀರಿ ಅಂತ ನನಗೆ ಗೊತ್ತು. ಸೆಟ್ ದೋಸೆ ಮನೆ ಬಾಗಿಲಿಗೆ ಬರುತ್ತಿದೆ! ಸಹಿ ಹಾಕಿ, ತಪ್ಪೇನಿಲ್ಲ. ಪಾರ್ಕಿಂಗ್ ಎಲ್ಲಿ ಅಂತ ಕೇಳುವುದು ನ್ಯಾಯವಾದ ಪ್ರಶ್ನೆ. ಆದರೆ ಮನವಿಯ ನಾಲ್ಕನೇ ಸಾಲು, "ಕಂಡ ಕಂಡವರೆಲ್ಲ ಬಂದು ಬೀದಿಯಲ್ಲಿ ನಿಲ್ಲುತ್ತಾರೆ" ಅನ್ನುವುದು, ಅದನ್ನು ಹೊಡೆದುಹಾಕಿಸಿ. ಯಾರು ಬರೆದಿರಬಹುದು ಅಂತ ಊಹಿಸಬಲ್ಲೆ, ಜಗಳ ಮಾಡಬೇಡಿ, ನಯವಾಗಿ ಹೇಳಿ. ಆ ಜಾಗದಲ್ಲಿ ಲೆಕ್ಕ ಬರೆಯಿರಿ. ಆ ಮಾಲೀಕರದು ಇನ್ನೊಂದು ಹೋಟೆಲ್ ಇದೆ ಅಂದಿರಲ್ಲ, ಭಾನುವಾರ ಎಂಟರಿಂದ ಹತ್ತರವರೆಗೆ ಅದರ ಎದುರು ಕೂತು ಸ್ಕೂಟರ್ ಎಷ್ಟು, ಕಾರು ಎಷ್ಟು, ಗೇಟಿಗೆ ಅಡ್ಡ ನಿಲ್ಲಿಸಿದ್ದು ಎಷ್ಟು ಅಂತ ಗೆರೆ ಹಾಕಿ. ಒಂದು ಭಾನುವಾರ ಸಾಲದು, ಎರಡು ಮೂರು ಆಗಲಿ. ಟೋಪಿ ಹಾಕಿಕೊಂಡು ಹೋಗಿ, ಬಿಸಿಲು. ಮಧ್ಯೆ ಎದ್ದು ಹೋಗಿ ದೋಸೆ ತಿಂದರೆ ಲೆಕ್ಕ ತಪ್ಪುತ್ತೆ, ಕೊನೆಗೆ ತಿನ್ನಿ.

ಮದ್ದೂರಿನ ವಿಷಯ ಹೇಳಿದಿರಲ್ಲ, ಅದೇ ತಲೆಯಲ್ಲಿ ಸುತ್ತುತ್ತಿದೆ. 2023ರಲ್ಲಿ ಹೊಸ ಹೆದ್ದಾರಿ ಶುರುವಾದ ಮೇಲೆ ಕಾರುಗಳೆಲ್ಲ ಹೊರಗಿಂದಲೇ ಹೋಗಿ ಹಳೇ ರಸ್ತೆಯ ವಡೆ ಅಂಗಡಿಗಳು ಖಾಲಿ ಹೊಡೆದವು ಅಂತ. ಅಲ್ಲಿ ಕಾರು ಬರಲ್ಲ ಅಂತ ಗೋಳು, ಇಲ್ಲಿ ಬರುತ್ತೆ ಅಂತ ಗೋಳು. ಮುಂದಿನ ಸಲ ಬಂದಾಗ ಹಳೇ ರಸ್ತೆಯಲ್ಲೇ ಬರೋಣ, ಇವರಿಗೂ ಹೇಳಿದ್ದೇನೆ.

ದಸರಾಕ್ಕೆ ಬರೋಕಾಗಲ್ಲ ಅನ್ನೋದು ಅಮ್ಮನಿಗೆ ನಾನೇ ಫೋನಿನಲ್ಲಿ ಹೇಳುತ್ತೇನೆ, ನೀವು ಹೇಳಬೇಡಿ. ಬೊಂಬೆ ಇಡೋಕೆ ಮೇಲಿನ ಪೆಟ್ಟಿಗೆ ಇಳಿಸುವಾಗ ಏಣಿ ಹತ್ತಬೇಡಿ, ಪಕ್ಕದ ಮನೆ ಹುಡುಗನ್ನ ಕರೆಯಿರಿ. ಮೆಂತ್ಯದ ಹಿಟ್ಟು ಮುಗಿದಿದೆ, ಯಾರಾದರೂ ಈ ಕಡೆ ಬರುವವರಿದ್ದರೆ ಅರ್ಧ ಕೆಜಿ ಸಾಕು.

ಬೆಳಗ್ಗೆ ಪುಟ್ಟಿ ನಕ್ಷೆ ಹರಡಿಕೊಂಡು, "ತಾತ ಕೂರೋ ಕಟ್ಟೆ ಎಲ್ಲಿ?" ಅಂತ ಹುಡುಕಿದಳು. ಆ ಹೊರದಾರಿ ಇದೆಯಲ್ಲ, ಸರಿಯಾಗಿ ಅದರ ಮೇಲೆ ಬರುತ್ತೆ. ಪೆನ್ಸಿಲಿನಲ್ಲಿ ಅಲ್ಲಿ ನಿಮ್ಮ ಚಿತ್ರ ಬರೆದಿದ್ದಾಳೆ, ಕೊಡೆ ಸಮೇತ. ಈ ಕಾಗದದ ಜೊತೆ ಇಟ್ಟಿದ್ದೇನೆ.

ನಿಮ್ಮ ಮಗಳು